ಕಲ್ಯಾಣದ ಸೀಮೆಯಲ್ಲಿ ಕಾಡು ಇತ್ತೆ?

ಬಸವಕಲ್ಯಾಣ ಮತ್ತು ಹುಮನಾಬಾದುಗಳ ಸೀಮೆಯನ್ನು ಬಲ್ಲವರಿಗೆ ಅಲ್ಲಿನ ನೋಟ ಪರಿಚಿತವಾದದ್ದೇ. ಕಣ್ಣು ಹಾಯುವಷ್ಟು ದೂರ ಎರೆಯ ಹೊಲಗಳು. ಅವುಗಳಲ್ಲಿ ತೊಗರಿ, ಜೋಳ, ಕಡಲೆ, ಈಚೆಗೆ ಸೋಯಾ ಮತ್ತು ಕಬ್ಬು. ನಡುನಡುವೆ ಕೆಮ್ಮಣ್ಣಿನ ಮೊರಡಿ. ಅದರ ಮೇಲೆ ಸೀತಾಫಲದ ಪೊದೆ, ಒಂದೆರಡು ಬೇವಿನ ಮರ, ಮಳೆಗಾಲ ಮುಗಿಯುತ್ತಲೇ ಹಳದಿಗೆ ತಿರುಗುವ ಹುಲ್ಲು. "ಹಿಂದೆ ಇಲ್ಲೆಲ್ಲ ದಟ್ಟವಾದ ಅಡವಿ ಇತ್ತು, ಮನುಷ್ಯ ಕಡಿದು ಬೋಳು ಮಾಡಿದ" ಎಂಬ ಮಾತನ್ನು ನೀವು ಕೇಳಿರಬಹುದು. ನೀವೇ ಮಕ್ಕಳಿಗೆ ಹೇಳಿಯೂ ಇರಬಹುದು. ಈ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಇದು ಕೇವಲ ಪಂಡಿತರ ಜಿಜ್ಞಾಸೆಯೆಂದು ತಿಳಿಯಬೇಡಿ. ಈ ಮೊರಡಿಗಳು ಹಿಂದೆ ಕಾಡಾಗಿದ್ದರೆ ಅಲ್ಲಿ ಮರ ನೆಡುವುದು ಪುಣ್ಯದ ಕೆಲಸ. ಅವು ಮೊದಲಿನಿಂದಲೂ ಹುಲ್ಲುಗಾವಲಾಗಿದ್ದರೆ, ಸಾಲುಸಾಲಾಗಿ ಮರ ನೆಡುವುದೆಂದರೆ ಇದ್ದ ಸಂಪತ್ತನ್ನು ಕೆಡಿಸಿದಂತೆ. ಕುರಿ ಕಾಯುವವನ ಮೇವು, ಹಳ್ಳಿಯ ಗಾಯರಾಣದಲ್ಲಿ ಮೇಯುವ ದನ, ಬೀದರ ಜಿಲ್ಲೆಯಲ್ಲಿ ಇಂದಿಗೂ ಹಿಂಡುಹಿಂಡಾಗಿ ಕಾಣುವ ಕೃಷ್ಣಮೃಗ, ಎಲ್ಲವೂ ಈ ಒಂದು ಪ್ರಶ್ನೆಯ ಉತ್ತರವನ್ನು ಅವಲಂಬಿಸಿವೆ.

ಮೊದಲು ನೆಲದ ರಚನೆಯನ್ನು ನೋಡೋಣ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯ ಒಡಲಿನಿಂದ ಉಕ್ಕಿ ಹರಿದ ಲಾವಾ ತಣ್ಣಗಾಗಿ ದಖ್ಖನಿನ ಕರಿಗಲ್ಲಾಯಿತು. ಆ ಕಲ್ಲು ಕೊಳೆತು ಎರೆಮಣ್ಣಾಯಿತು. ಎತ್ತರದ ಬಯಲುಗಳ ಮೇಲೆ ಮಾತ್ರ ಮಳೆಬಿಸಿಲುಗಳ ದೀರ್ಘಕಾಲದ ಕೆಲಸದಿಂದ ಕೆಂಪು ಜಂಬಿಟ್ಟಿಗೆಯ ಹೊದಿಕೆ ನಿಂತಿತು. ಎರೆ ನೀರನ್ನು ಹಿಡಿದಿಟ್ಟು, ಬೇಸಗೆಯಲ್ಲಿ ಬಿರಿದು, ಎಳೆಯ ಗಿಡಗಳ ಬೇರನ್ನು ಹರಿದುಹಾಕುತ್ತದೆ. ಕೆಂಪು ನೆಲ ನೀರನ್ನು ಕೆಳಕ್ಕೆ ಇಳಿಸಿ, ಅಂಚಿನಲ್ಲಿ ಒರತೆಯಾಗಿ ಹೊರಗೆ ಬಿಡುತ್ತದೆ. ಬೀದರದ ಸುರಂಗ ಬಾವಿಗಳು ಇದೇ ಗುಣವನ್ನು ಬಳಸಿಕೊಂಡು ಕಟ್ಟಿದವು. ಇನ್ನೊಂದು ವಿಶೇಷವೆಂದರೆ ಈ ಸೀಮೆ ಎರಡು ಮಹಾನದಿಗಳ ನಡುವಣ ದಿಣ್ಣೆ. ಕಾರಂಜಾ ಹೊಳೆಯ ನೀರು ಮಾಂಜರಾ ಸೇರಿ ಗೋದಾವರಿಗೆ ಹೋಗುತ್ತದೆ. ಮುಲ್ಲಾಮಾರಿಯ ನೀರು ಕಾಗಿಣಾ, ಭೀಮಾ ಸೇರಿ ಕೃಷ್ಣೆಗೆ ಹೋಗುತ್ತದೆ. ವರ್ಷಕ್ಕೆ ಬೀಳುವ ಮಳೆ ಸುಮಾರು 800ರಿಂದ 900 ಮಿಲಿಮೀಟರು. ಇಷ್ಟು ಮಳೆಯಲ್ಲಿ ಮರವೂ ಬೆಳೆದೀತು, ಹುಲ್ಲೂ ಬೆಳೆದೀತು. ಯಾವುದು ಗೆಲ್ಲುತ್ತದೆಂಬುದನ್ನು ಮಣ್ಣು, ಬೆಂಕಿ, ಮೇಯುವ ಪ್ರಾಣಿ ಮತ್ತು ಮನುಷ್ಯ ಸೇರಿ ತೀರ್ಮಾನಿಸುತ್ತಾರೆ. ಆದುದರಿಂದ ಮಳೆಯ ಲೆಕ್ಕವೊಂದನ್ನೇ ನೋಡಿ ಇಲ್ಲಿ ಕಾಡಿತ್ತು, ಇಲ್ಲ, ಎಂದು ಹೇಳಲಾಗದು.

ಇಂಥ ಪ್ರಶ್ನೆಗಳನ್ನು ಬಿಡಿಸಲು ಹುಟ್ಟಿದ ಶಾಸ್ತ್ರಕ್ಕೆ ಭೂದೃಶ್ಯ ಪರಿಸರಶಾಸ್ತ್ರವೆಂದು ಹೆಸರು. ಜರ್ಮನಿಯ ಭೂಗೋಳಜ್ಞ ಕಾರ್ಲ್ ಟ್ರೋಲ್ ವಿಮಾನದಿಂದ ತೆಗೆದ ಚಿತ್ರಗಳನ್ನು ಅಭ್ಯಾಸ ಮಾಡುತ್ತ 1939ರಲ್ಲಿ ಈ ಹೆಸರನ್ನು ಬಳಕೆಗೆ ತಂದನು. 1986ರಲ್ಲಿ ರಿಚರ್ಡ್ ಫೋರ್ಮನ್ ಮತ್ತು ಮಿಶೆಲ್ ಗೊಡ್ರಾನ್ ಬರೆದ ಗ್ರಂಥದಿಂದ ಅದಕ್ಕೆ ಒಂದು ಚೌಕಟ್ಟು ದೊರೆಯಿತು. ಒಂದು ಸೀಮೆಯನ್ನು ಈ ಶಾಸ್ತ್ರ ಕೌದಿಯಂತೆ ನೋಡುತ್ತದೆ. ಹೊಲ, ತೋಪು, ಕೆರೆ, ಮೊರಡಿ ಒಂದೊಂದೂ ಒಂದೊಂದು ತುಂಡು. ಹಳ್ಳದ ದಂಡೆ, ಬೇಲಿಸಾಲು, ರಸ್ತೆಗಳು ಅವನ್ನು ಹೊಲಿಯುವ ದಾರ. ಮರಗಳೆಷ್ಟು ಎಂದು ಎಣಿಸಿ ಸುಮ್ಮನಾಗದೆ, ತುಂಡುಗಳು ಎಷ್ಟು ದೊಡ್ಡವು, ಒಂದರಿಂದೊಂದು ಎಷ್ಟು ದೂರ, ಯಾವ ಕಾಲದಲ್ಲಿ ಯಾವುದು ಹರಿಯಿತು ಎಂದು ಅದು ಕೇಳುತ್ತದೆ. ಡಾಕ್ಟರೇಟ್ ಪದವಿ ಪಡೆದ ಮೇಲೂ ಎರಡು ಮೂರು ವರ್ಷ ಒಂದೇ ಸೀಮೆಯನ್ನು ಹಿಡಿದು ಸಂಶೋಧನೆ ನಡೆಸುವ ತರುಣ ವಿದ್ವಾಂಸರು ಈಗ ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರ ಮುಂದಿರುವ ಕೆಲಸ ಚರಿತ್ರಕಾರನ ಕೆಲಸದಂತೆಯೇ: ಸಾಕ್ಷಿಗಳನ್ನು ಕೂಡಿಸಿ, ಒಂದರ ಮಾತನ್ನು ಇನ್ನೊಂದರಿಂದ ಪರೀಕ್ಷಿಸಿ ನೋಡುವುದು.

ಕಲ್ಯಾಣದ ಸೀಮೆಗೆ ಸಂಬಂಧಿಸಿದ ಅತಿ ಹಳೆಯ ಸಾಕ್ಷಿಗಳಲ್ಲೊಂದು ಸಮುದ್ರದ ತಳದಲ್ಲಿದೆ ಎಂದರೆ ನಿಮಗೆ ಆಶ್ಚರ್ಯವಾದೀತು. ಗೋದಾವರಿ ತನ್ನ ಉಪನದಿಗಳ ಹೂಳನ್ನೆಲ್ಲ ಬಂಗಾಳ ಕೊಲ್ಲಿಗೆ ಒಯ್ದು ಸುರಿಯುತ್ತದೆ. ಮಾಂಜರೆಯ ಹೂಳೂ ಅದರಲ್ಲಿ ಸೇರಿರುತ್ತದೆ. ಹೂಳಿನ ಜತೆಗೆ ಗಿಡಗಳ ಎಲೆಯ ಮೇಣವೂ ಹೋಗುತ್ತದೆ. ಉಷ್ಣವಲಯದ ಹುಲ್ಲುಗಳ ಮೇಣದಲ್ಲಿ ಭಾರವಾದ ಇಂಗಾಲದ ಪಾಲು ಹೆಚ್ಚು, ಮರಗಳ ಮೇಣದಲ್ಲಿ ಕಡಿಮೆ. ಗೋದಾವರಿಯ ಮುಖದ ಬಳಿ ಕಡಲ ತಳದಿಂದ ಕೊರೆದು ತೆಗೆದ ಹೂಳನ್ನು ಪರೀಕ್ಷಿಸಿ ಕಮಿಲೋ ಪಾಂಟನ್ ಮತ್ತು ಅವರ ಸಂಗಡಿಗರು 2012ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅದರ ಸಾರಾಂಶವಿಷ್ಟು: ಸುಮಾರು 4,000 ವರ್ಷಗಳ ಹಿಂದಿನಿಂದ ಈ ಜಲಾನಯನ ಪ್ರದೇಶದಲ್ಲಿ ಒಣಹವೆಗೆ ಒಗ್ಗಿದ ಸಸ್ಯಗಳು ಹೆಚ್ಚುತ್ತ ಬಂದವು, ಸುಮಾರು 1,700 ವರ್ಷಗಳ ಹಿಂದಿನಿಂದ ಅದೇ ಸ್ಥಿತಿ ನೆಲೆನಿಂತಿತು. ಎಂದರೆ ಚಾಲುಕ್ಯರು ಕಲ್ಯಾಣಕ್ಕೆ ಬರುವ ಎಷ್ಟೋ ಶತಮಾನಗಳ ಮುಂಚೆಯೇ ದಖ್ಖನಿನಲ್ಲಿ ಒಣ ಹವೆಯ ಗಿಡ ಮತ್ತು ಹುಲ್ಲುಗಳ ರಾಜ್ಯ ಆರಂಭವಾಗಿತ್ತು.

ಹುಲ್ಲು ಮನುಷ್ಯನಿಗಿಂತ ಹಳೆಯದು. ಹಿಮಾಲಯದ ಬುಡದ ಶಿವಾಲಿಕ ಪದರುಗಳಲ್ಲಿ ದೊರೆತ ಪುರಾವೆಯಂತೆ ಈ ಉಪಖಂಡದಲ್ಲಿ ಉಷ್ಣವಲಯದ ಹುಲ್ಲುಗಳು ಹರಡಿದ್ದು ಎಪ್ಪತ್ತು ಎಂಬತ್ತು ಲಕ್ಷ ವರ್ಷಗಳ ಹಿಂದೆ. ಆ ಬಳಿಕ ಬಂದವನು ಮನುಷ್ಯ. ನಮ್ಮ ಬಳ್ಳಾರಿ, ರಾಯಚೂರು, ಸುರಪುರಗಳ ಸುತ್ತ ನವಶಿಲಾಯುಗದ ದನಗಾಹಿಗಳು ಸಗಣಿಯನ್ನು ಸುಟ್ಟು ಬಿಟ್ಟುಹೋದ ಬೂದಿದಿಬ್ಬಗಳು ಇಂದಿಗೂ ಇವೆ. ಸುರಪುರದ ದೋಆಬಿನ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನ ಪ್ರಸಿದ್ಧವಾದದ್ದು. ಅಷ್ಟೊಂದು ದನ ಸಾಕಬೇಕಾದರೆ ಮೇವು ಬೇಕು. ದಟ್ಟಡವಿಯ ನೆರಳಿನಲ್ಲಿ ಅಷ್ಟು ಮೇವು ಬೆಳೆಯದು.

ಇನ್ನು ಕಲ್ಯಾಣದ ವೈಭವದ ಕಾಲಕ್ಕೆ ಬರೋಣ. 11ನೆಯ ಶತಮಾನದ ನಡುಭಾಗದಲ್ಲಿ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದನು. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅದು ದಕ್ಷಿಣದ ಮಹಾನಗರಗಳಲ್ಲಿ ಒಂದಾಯಿತು. ಆತನನ್ನು ಹೊಗಳಿ ಶಾಸನ ಬರೆಯುತ್ತಿರುವ ಸುಂದರಿಯ ಶಿಲ್ಪ ಹುಮನಾಬಾದ ತಾಲ್ಲೂಕಿನ ಜಲಸಂಗಿಯ ದೇವಾಲಯದ ಗೋಡೆಯಲ್ಲಿದೆ. ನಿಮ್ಮಲ್ಲಿ ಹಲವರು ಅದನ್ನು ಕಣ್ಣಾರೆ ಕಂಡಿರಬಹುದು. ಆ ಕಾಲದ ಕನ್ನಡ ಶಾಸನಗಳಲ್ಲಿ ದಾನಕೊಟ್ಟ ನೆಲದ ಎಲ್ಲೆಯನ್ನು ಹೇಳುವಾಗ ಹಳ್ಳ, ಕಲ್ಲು, ಮೊರಡಿಗಳೊಂದಿಗೆ ಮರಗಳನ್ನೂ ಹೆಸರಿಸುವ ವಾಡಿಕೆಯುಂಟು. ಒಂದು ಮರವನ್ನು ಎಲ್ಲೆಯ ಗುರುತಾಗಿ ಇಟ್ಟುಕೊಳ್ಳಬೇಕಾದರೆ ಅದು ಸುತ್ತಲಿನಿಂದ ಬೇರೆಯಾಗಿ ಎದ್ದು ಕಾಣಬೇಕಷ್ಟೆ. ಅಡವಿಯ ನಡುವೆ ಒಂದು ಮರವನ್ನು ತೋರಿಸಿ ಇದೇ ಎಲ್ಲೆ ಎಂದರೆ ಯಾರಿಗೆ ತಿಳಿದೀತು? ಆದರೆ ಅದೇ ಶಾಸನಗಳಲ್ಲಿ ಇನ್ನೊಂದು ಮಾತೂ ಬರುತ್ತದೆ. ಕೆರೆ ಕಾಲುವೆಗಳ ನೀರಿನಿಂದ ಮಾಡುವ ಬೇಸಾಯಕ್ಕೆ ನೀರಾರಂಭವೆಂದೂ ಮಳೆಯನ್ನು ನಂಬಿ ಮಾಡುವ ಬೇಸಾಯಕ್ಕೆ ಕಾಡಾರಂಭವೆಂದೂ ಹೆಸರು. ಹೊಲದ ಅಂಚಿನಲ್ಲಿ ಕಾಡೆಂಬುದು ಒಂದು ಇತ್ತು, ಬೇಸಾಯಗಾರನು ಅದರೊಂದಿಗೆ ವ್ಯವಹಾರ ಇಟ್ಟುಕೊಂಡಿದ್ದನು ಎಂಬುದನ್ನು ಈ ಹೆಸರೇ ಸಾರುತ್ತದೆ. ಕಾಡೆಂಬ ಮಾತಿಗೆ ಹಿಂದಿನವರು ದಟ್ಟಡವಿಯೆಂಬ ಒಂದೇ ಅರ್ಥವನ್ನು ಇಟ್ಟುಕೊಂಡಿರಲಿಲ್ಲ. ಉಳದೆ ಬಿಟ್ಟ ಗಿಡಗಂಟಿಯ ನೆಲವೂ ಅವರಿಗೆ ಕಾಡೇ ಆಗಿತ್ತು.

ಶರಣರ ಚರಿತ್ರೆಯೂ ಇಲ್ಲಿ ನೆರವಿಗೆ ಬರುತ್ತದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಮೋಳಿಗೆಯ ಮಾರಯ್ಯನು ಕಟ್ಟಿಗೆಯ ಹೊರೆ ಮಾರಿ ಜಂಗಮ ದಾಸೋಹ ನಡೆಸುತ್ತಿದ್ದನೆಂದು ಪುರಾಣಗಳು ಹೇಳುತ್ತವೆ. ಮೋಳಿಗೆಯೆಂದರೆ ಕಟ್ಟಿಗೆಯ ಹೊರೆಯೇ. ತುರುಗಾಹಿ ರಾಮಣ್ಣನು ಊರ ದನಗಳನ್ನು ಕಾಯುತ್ತಿದ್ದವನು. ಒಬ್ಬನಿಗೆ ಮರ ಬೇಕು, ಇನ್ನೊಬ್ಬನಿಗೆ ಹುಲ್ಲು ಬೇಕು. ದಿನವೂ ತಲೆಹೊರೆಯಲ್ಲಿ ಕಟ್ಟಿಗೆ ತಂದು ಮಾರಬಹುದಾದಷ್ಟು ಸಮೀಪದಲ್ಲಿ ಮರಗಳಿದ್ದುವು. ಬೆಳಗ್ಗೆ ಹೊಡೆದುಕೊಂಡು ಹೋದ ದನ ಸಂಜೆಗೆ ಮರಳಿ ಬರುವಷ್ಟು ಸಮೀಪದಲ್ಲಿ ಹುಲ್ಲುಗಾವಲೂ ಇತ್ತು. ಪುರಾಣದ ಪವಾಡಗಳನ್ನು ಬಿಟ್ಟರೂ ಈ ಇಬ್ಬರ ಕಾಯಕಗಳು ನಗರದ ಸುತ್ತಣ ನೆಲ ಹೇಗಿತ್ತೆಂಬುದನ್ನು ತೋರಿಸಿಕೊಡುತ್ತವೆ. ಒಲೆ, ಕುಂಬಾರನ ಆವಿಗೆ, ಕಮ್ಮಾರನ ಕುಲುಮೆ, ಸುಣ್ಣದ ಗೂಡು ಇವೆಲ್ಲವೂ ಕಟ್ಟಿಗೆಯನ್ನು ಬೇಡುತ್ತಿದ್ದ ಮಹಾನಗರದ ಸುತ್ತ ಮರಗಳು ವರ್ಷವರ್ಷಕ್ಕೂ ಹಿಂದಕ್ಕೆ ಸರಿದಿರಬೇಕೆಂಬುದರಲ್ಲಿಯೂ ಸಂದೇಹವಿಲ್ಲ.

ಇವೆಲ್ಲಕ್ಕಿಂತ ಸ್ವಾರಸ್ಯವಾದ ಸಾಕ್ಷಿ ಅರಮನೆಯಲ್ಲಿಯೇ ಹುಟ್ಟಿತು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ಮಾನಸೋಲ್ಲಾಸವೆಂಬ ವಿಶ್ವಕೋಶವನ್ನು ರಚಿಸಿದನು. ಅಡುಗೆ, ಸಂಗೀತ, ಚಿತ್ರಕಲೆಗಳೊಂದಿಗೆ ಬೇಟೆಯ ವಿಷಯವೂ ಅದರಲ್ಲಿ ವಿಸ್ತಾರವಾಗಿದೆ. ಪಳಗಿಸಿದ ಚೀತಾದಿಂದ ಜಿಂಕೆಗಳನ್ನು ಬೇಟೆಯಾಡುವುದಕ್ಕೆ ನಮ್ಮ ದೇಶದಲ್ಲಿ ದೊರೆಯುವ ಮೊತ್ತಮೊದಲ ಲಿಖಿತ ಉಲ್ಲೇಖ ಈ ಗ್ರಂಥದ್ದೆಂದು ಚೀತಾದ ಚರಿತ್ರೆಯನ್ನು ಬರೆದ ದಿವ್ಯಭಾನುಸಿಂಹರು ಹೇಳಿದ್ದಾರೆ. ಚೀತಾ ಬಯಲಿನ ಪ್ರಾಣಿ. ಓಡಲು ಮೈದಾನವಿಲ್ಲದೆ ಅದರ ವೇಗ ವ್ಯರ್ಥ. ಕೃಷ್ಣಮೃಗವೂ ಬಯಲಿನದೇ. ರಾಜನು ಬರೆದ ಶಾಸ್ತ್ರಗ್ರಂಥದಲ್ಲಿರುವುದೆಲ್ಲ ಕಲ್ಯಾಣದ ಸುತ್ತಲೇ ನಡೆಯಿತೆಂದು ಹೇಳಲಾಗದು, ನಿಜ. ಆದರೆ ಇಂಥ ವಿನೋದ ರೂಢಿಯಲ್ಲಿರಬೇಕಾದರೆ ಅರಸನಿಗೆ ಹುಲ್ಲಿನ ಬಯಲಿನ ಪರಿಚಯ ಚೆನ್ನಾಗಿಯೇ ಇದ್ದಿರಬೇಕು. ಮುಂದೆ ಚೀತಾ ನಮ್ಮ ದೇಶದಿಂದಲೇ ಮರೆಯಾಯಿತು. ಅದು ಅಳಿಯಿತೆಂದು 1952ರಲ್ಲಿ ಸರಕಾರವೇ ಒಪ್ಪಿಕೊಂಡಿತು. ಆಫ್ರಿಕದಿಂದ ತಂದ ಚೀತಾಗಳನ್ನು ಮಧ್ಯಪ್ರದೇಶದ ಕೂನೋದಲ್ಲಿ ಬಿಟ್ಟದ್ದು 2022ರಲ್ಲಿ.

ನೆರೆಯ ಮಹಾರಾಷ್ಟ್ರದಲ್ಲಿ ಈಚೆಗೆ ನಡೆದ ಒಂದು ಸಂಶೋಧನೆಯನ್ನು ಇಲ್ಲಿ ನೆನೆಯಬೇಕು. ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ನಂತರದ ಸಂಶೋಧನೆಯಲ್ಲಿದ್ದ ಆಶಿಷ್ ನೆರ್ಲೇಕರ್, ಪುರಾತತ್ತ್ವದ ವಿದ್ಯಾರ್ಥಿ ದಿಗ್ವಿಜಯ ಪಾಟೀಲರೊಂದಿಗೆ ಸೇರಿ, 13ನೆಯ ಶತಮಾನದಿಂದ ಈಚಿನ ಮರಾಠಿ ಪುರಾಣ, ಹಾಡು, ಕಥೆಗಳಲ್ಲಿ ಯಾವ ಯಾವ ಗಿಡಮರಗಳ ಹೆಸರು ಬರುತ್ತದೆಂದು ಹುಡುಕಿದರು. 2025ರಲ್ಲಿ ಪ್ರಕಟವಾದ ಅವರ ಲೇಖನದಂತೆ, ಅಲ್ಲಿ ಕಾಣುವ ಕಾಡುಸಸ್ಯಗಳಲ್ಲಿ ಬಹುಪಾಲು ಬಯಲಿನವು. ಗಿಡಮರಗಳು ವಿರಳವಾಗಿದ್ದು ಹುಲ್ಲು ಹಾಸಿದ ಸೀಮೆಯವು. ಬ್ರಿಟಿಷರು ಕಾಡು ಕಡಿಯುವುದಕ್ಕೆ ಎಷ್ಟೋ ಮೊದಲೇ ಆ ಸೀಮೆ ಹಾಗಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ. ಅವರು ಅಭ್ಯಾಸ ಮಾಡಿದ ಒಣನಾಡೂ ನಮ್ಮ ಸೀಮೆಯೂ ಒಂದೇ ದಖ್ಖನಿನವು. ನಮ್ಮ ವಚನ, ಶಾಸನ, ಲಾವಣಿ, ಕುರುಬರ ಹಾಡುಗಳನ್ನು ಇದೇ ಕಣ್ಣಿನಿಂದ ಓದಿದರೆ ಎಷ್ಟು ಸಂಗತಿಗಳು ಹೊರಬಿದ್ದಾವು!

ಹಾಗಾದರೆ ಕಾಡು ಕಡಿದರೆಂಬ ಮಾತು ಸುಳ್ಳೆ? ಹಾಗೂ ಹೇಳಬಾರದು. ಹುಮನಾಬಾದಿನಿಂದ ಆಗ್ನೇಯಕ್ಕೆ ಹೋದರೆ ಚಿಂಚೋಳಿಯ ಕಾಡು ಸಿಗುತ್ತದೆ. ಎಲೆ ಉದುರಿಸುವ ಮರಗಳ ಆ ಒಣಕಾಡಿನ 134 ಚದರ ಕಿಲೋಮೀಟರುಗಳಷ್ಟು ಭಾಗವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಸಾರಲಾಯಿತು. ಕೆಂಪು ನೆಲದ ಅಂಚುಗಳಲ್ಲಿ, ಕಣಿವೆಗಳಲ್ಲಿ, ಹಳ್ಳದ ದಂಡೆಗಳಲ್ಲಿ ಇಂಥ ಕಾಡು ಹಿಂದೆ ಇನ್ನೂ ಹೆಚ್ಚಾಗಿದ್ದಿರಬೇಕು. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ಬೀದರನ್ನು ರಾಜಧಾನಿ ಮಾಡಿಕೊಂಡರು. 1657ರಲ್ಲಿ ಔರಂಗಜೇಬನು ಬೀದರ, ಕಲ್ಯಾಣಿ ಎರಡೂ ಕೋಟೆಗಳನ್ನು ಮುತ್ತಿ ಹಿಡಿದನು. ರಾಜಧಾನಿಗೂ ದಂಡಿಗೂ ಬೇಕಾದ ಕಟ್ಟಿಗೆ, ತೊಲೆ, ಮೇವು ಸುತ್ತಲಿನ ಹಳ್ಳಿಗಳಿಂದಲೇ ಬರಬೇಕಾಗಿತ್ತು. ಮುಂದೆ ಕಲ್ಯಾಣಿ ನಿಜಾಮರ ಆಳಿಕೆಯಲ್ಲಿ ನವಾಬರ ಜಾಗೀರಾಗಿ 1949ರವರೆಗೆ ಇತ್ತು. ಆ ವರ್ಷ ಜಾಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಒಡೆತನ ಬದಲಾದಾಗಲೆಲ್ಲ ಕಾಡಿನ ಕಾವಲೂ ಬದಲಾಯಿತು.

ಹೀಗೆ ಎರಡೂ ಕಡೆಯ ಸಾಕ್ಷಿಗಳನ್ನು ಕೂಡಿಸಿದರೆ ತೋರುವ ಚಿತ್ರವಿದು. ಎರೆಯ ಬಯಲಿನಲ್ಲಿ ಹುಲ್ಲು, ನಡುನಡುವೆ ಜಾಲಿ, ಬನ್ನಿ, ಮುತ್ತುಗ. ಕೆಂಪು ನೆಲದ ಅಂಚಿನಲ್ಲಿ ಒಣಕಾಡು. ಹಳ್ಳದ ಬದಿಯಲ್ಲಿ ದೊಡ್ಡ ಮರಗಳ ತೋಪು. ಕಾಡೂ ಇತ್ತು, ಬಯಲೂ ಇತ್ತು; ಎರಡಕ್ಕೂ ಅವುಗಳದೇ ಜಾಗವಿತ್ತು. ನಾವು ಕಳೆದುಕೊಂಡದ್ದು ಎರಡನ್ನೂ. ಬಯಲು ನೇಗಿಲಿಗೆ ಹೋಯಿತು, ಕಾಡು ಕೊಡಲಿಗೆ ಹೋಯಿತು. ಇಂದು ನಾವು ಕಾಡೆಂದು ತಿಳಿಯುವ ಪೊದೆಗಳಲ್ಲಿಯೂ ಹೊರಗಿನಿಂದ ಬಂದವು ಬಹಳ. ಬೀದರದ ಗುಡ್ಡಗಳಿಗೆ ಹೆಸರು ತಂದ ಸೀತಾಫಲದ ತವರು ಅಮೆರಿಕ ಖಂಡ. ಲಂಟಾನ 19ನೆಯ ಶತಮಾನದ ಆರಂಭದಲ್ಲಿ ಕಲಕತ್ತೆಯ ಸಸ್ಯೋದ್ಯಾನಕ್ಕೆ ಬಂದು ಅಲ್ಲಿಂದ ಹರಡಿತು. ಬಳ್ಳಾರಿ ಜಾಲಿ ಭಾರತಕ್ಕೆ ಬಂದದ್ದು 1877ರಲ್ಲಿ.

ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಈಗಿನ ಲೆಕ್ಕಗಳನ್ನು ನೋಡಬೇಕು. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 1981ರಲ್ಲಿ ಸ್ಥಾಪಿತವಾಗಿ, 1987ರಿಂದ ಉಪಗ್ರಹದ ಚಿತ್ರಗಳ ಆಧಾರದ ಮೇಲೆ ವರದಿಗಳನ್ನು ಹೊರಡಿಸುತ್ತಿದೆ. ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ನೂರಕ್ಕೆ ಹತ್ತು ಪಾಲು ಮರಗಳ ಕೊಡೆ ಕವಿದಿದ್ದರೆ ಅದು ವರದಿಯಲ್ಲಿ ಅರಣ್ಯಾಚ್ಛಾದನೆ. ಮರ ಯಾವ ಜಾತಿಯದು, ಜಾಗ ಯಾರದು ಎಂದು ಕೇಳುವುದಿಲ್ಲ. ಈ ಲೆಕ್ಕದಲ್ಲಿ ನೀಲಗಿರಿಯ ತೋಪು ಅರಣ್ಯವಾಗಬಲ್ಲದು, ಮಾವಿನ ತೋಟವೂ ಆಗಬಲ್ಲದು. ಸಾವಿರಾರು ವರ್ಷಗಳ ಹುಲ್ಲುಗಾವಲು ಆಗಲಾರದು. ಕಂದಾಯದ ಕಡತದಲ್ಲಂತೂ ಅದಕ್ಕೆ ಬಂಜರೆಂದೋ ಪಾಳೆಂದೋ ಹೆಸರು. ಸಾಗುವಳಿಯಿಲ್ಲದ ನೆಲದಿಂದ ತೆರಿಗೆ ಬಾರದೆಂಬ ಕಾರಣಕ್ಕೆ ಹಿಂದಿನ ಸರಕಾರಗಳು ಇಟ್ಟ ಹೆಸರನ್ನು ನಾವು ಇಂದು ಪ್ರಕೃತಿಯ ತೀರ್ಪೆಂದು ಓದಿಕೊಳ್ಳುತ್ತಿದ್ದೇವೆ. ಇನ್ನೊಂದು ತೊಡಕೂ ಉಂಟು. ನಮ್ಮ ಒಣಕಾಡಿನ ಮರಗಳು ಬೇಸಗೆಯ ಹೊತ್ತಿಗೆ ಎಲೆ ಉದುರಿಸಿ ನಿಲ್ಲುತ್ತವೆ. ಒಂದು ವರ್ಷದ ನವೆಂಬರಿನ ಚಿತ್ರವನ್ನು ಇನ್ನೊಂದು ವರ್ಷದ ಮಾರ್ಚಿನ ಚಿತ್ರದೊಡನೆ ಹೋಲಿಸಿದರೆ ಕಾಡೇ ನಾಶವಾದಂತೆ ಕಂಡೀತು. ಆದುದರಿಂದ ಆಕಾಶದಿಂದ ನೋಡಿದವನು ನೆಲದ ಮೇಲೆಯೂ ನಡೆದು ನೋಡಬೇಕು.

ಹೆಸರಿನ ತಪ್ಪಿನಿಂದ ಆಗುವ ನಷ್ಟಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ನಿದರ್ಶನವಿದೆ. ರಾಣೆಬೆನ್ನೂರಿನ ಕೃಷ್ಣಮೃಗಧಾಮವನ್ನು 1974ರಲ್ಲಿ ಸಾರಿದಾಗ ಅಲ್ಲಿ ಎರೆಭೂತವೆಂಬ ದೊಡ್ಡ ಹಕ್ಕಿಯೂ ಇತ್ತು. ಆ ಬಯಲಿನ ಬಹುಭಾಗದಲ್ಲಿ ನೀಲಗಿರಿ ಬೆಳೆಸಲಾಗಿತ್ತು. ತೆರೆದ ಬಯಲಿನಲ್ಲಿ ಮೊಟ್ಟೆಯಿಡುವ ಆ ಹಕ್ಕಿ ಅಲ್ಲಿಂದ ಮರೆಯಾಯಿತು. ಸೊಲ್ಲಾಪುರದ ಬಳಿ ನಾನ್ನಜಿನಲ್ಲಿ 1979ರಲ್ಲಿ ಇದೇ ಹಕ್ಕಿಗಾಗಿ ಅಭಯಾರಣ್ಯ ಮಾಡಿದ್ದನ್ನು ನೆನೆದರೆ, ಹುಮನಾಬಾದಿನ ಮೇಲೆ ಹಾದುಹೋಗುವ ಪುಣೆ-ಹೈದರಾಬಾದ್ ಹೆದ್ದಾರಿಯ ಎರಡೂ ಬದಿಯ ಬಯಲು ಎಂಥ ಜೀವಿಗಳ ಮನೆಯಾಗಿತ್ತೆಂಬುದು ತಿಳಿಯುತ್ತದೆ. ನಾಳೆ ಹಳ್ಳಿಯ ಗಾಯರಾಣದಲ್ಲಿ ಗುಂಡಿ ತೋಡಿ ಸಸಿ ನೆಡಲು ಹೊರಟಾಗ ಈ ಸಂಗತಿಯನ್ನು ಮರೆಯಬಾರದು. ಮೇವು ಕಳೆದುಕೊಂಡ ಕುರಿಗಾರನು ತನ್ನ ಹಿಂಡನ್ನು ಉಳಿದ ಕಾಡಿಗೇ ಹೊಡೆಯಬೇಕಾಗುತ್ತದೆ. ಆಗ ಬಯಲಿನೊಂದಿಗೆ ಕಾಡೂ ಸವೆಯುತ್ತದೆ.

ಮಾಡಬೇಕಾದುದೇನು? ನೆಡುವ ಮೊದಲು ಯಾವ ತುಂಡು ಕಾಡಿನದು, ಯಾವುದು ಹುಲ್ಲಿನದು ಎಂದು ತಿಳಿಯಬೇಕು. ಹಳ್ಳದ ದಂಡೆ, ಕೆಂಪು ನೆಲದ ಅಂಚು, ಕೆರೆಯ ಮೇಲಣ ಇಳಿಜಾರು ಇಲ್ಲಿ ನಾಡಮರಗಳು ಬರಲಿ. ಬಯಲಿನಲ್ಲಿ ಹುಲ್ಲು ಉಳಿಯಲಿ. ಮೇವನ್ನು ಸರದಿಯಿಂದ ಕಾಯ್ದು ಮೇಯಿಸುವ ಹಳೆಯ ಕ್ರಮ ಮರಳಿ ಬರಲಿ. ಇದಕ್ಕೆ ಬೇಕಾದ ಪುರಾವೆಗಳು ನಮ್ಮ ಕೈಯಳತೆಯಲ್ಲಿಯೇ ಇವೆ. ವಿಜಯನಗರದ ಸೀಮೆಯ ಕೆರೆಯ ಹೂಳಿನಲ್ಲಿ ಉಳಿದ ಪರಾಗ ಮತ್ತು ಇದ್ದಲಿನ ಕಣಗಳನ್ನು ಎಣಿಸಿ ಅಲ್ಲಿನ ಗಿಡಮರಗಳ, ಬೆಂಕಿಗಳ ಚರಿತ್ರೆಯನ್ನು ಪುರಾತತ್ತ್ವಜ್ಞೆ ಕ್ಯಾಥ್ಲೀನ್ ಮಾರಿಸನ್ ಬರೆದಿದ್ದಾರೆ. ಬಸವಕಲ್ಯಾಣದ ತ್ರಿಪುರಾಂತಕ ಕೆರೆಯ ಹೂಳೂ ಅಂಥ ಓದಿಗೆ ಒದಗಬಹುದಾದದ್ದು. ಕೆರೆಯ ಹೂಳೆತ್ತುವಾಗ ಒಂದು ಮೂಲೆಯನ್ನಾದರೂ ಕದಲಿಸದೆ ವಿದ್ವಾಂಸರಿಗೆ ಬಿಟ್ಟುಕೊಟ್ಟರೆ ಅದು ಮುಂದಿನವರಿಗೆ ಮಾಡಿದ ದೊಡ್ಡ ಉಪಕಾರ.

ನೀವೂ ನಿಮ್ಮ ಮಟ್ಟಿಗೆ ಒಂದು ಕೆಲಸ ಮಾಡಬಹುದು. ನಿಮ್ಮ ಮನೆತನದ ಹಳ್ಳಿಯ ಹೊಲಗಳಿಗೆ ಹಿರಿಯರು ಇಟ್ಟ ಹೆಸರುಗಳು ಯಾವುವು, ಅವುಗಳಲ್ಲಿ ಮರದ ಹೆಸರು ಎಷ್ಟು, ಹುಲ್ಲಿನ ಹೆಸರು ಎಷ್ಟು, ದನ ಎಲ್ಲಿ ಮೇಯುತ್ತಿತ್ತು, ಕಟ್ಟಿಗೆ ಎಲ್ಲಿಂದ ಬರುತ್ತಿತ್ತು ಎಂಬುದನ್ನು ಮನೆಯ ಅಜ್ಜ ಅಜ್ಜಿಯರಿಂದ ಕೇಳಿ ಬರೆದಿಡಿ. ಕಡತದಲ್ಲಿ ಪಾಳೆಂದು ಬರೆದ ಎಷ್ಟೋ ನೆಲಕ್ಕೆ ಅವರ ಬಾಯಲ್ಲಿ ಬೇರೆಯೇ ಹೆಸರಿರುತ್ತದೆ. ಆ ಹೆಸರುಗಳನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.